ಕಿಟಕಿಗಳ ನಿಯಮವನ್ನು ಬರೆಯಬೇಕಾದವರು ಯಾರು?

ಕಂಪ್ಯೂಟರಿನ ತೆರೆಯನ್ನು ಮೇಜಿಗೆ ಹೋಲಿಸುವುದು ವಾಡಿಕೆ. ಮೇಜಿನ ಮೇಲೆ ಕಾಗದಗಳು ಒಂದರ ಮೇಲೊಂದು ಬಿದ್ದಿರುವಂತೆ ತೆರೆಯ ಮೇಲೆ ಕಿಟಕಿಗಳು, ಎಂದರೆ ವಿಂಡೋಗಳು, ಒಂದನ್ನೊಂದು ಮರೆಮಾಡಿಕೊಂಡು ಬಿದ್ದಿರುವುವು. ಬೇಕಾದುದನ್ನು ಹುಡುಕಿ ಮೇಲಕ್ಕೆ ತರುವುದು, ಅಂಚನ್ನು ಹಿಡಿದು ಕುಗ್ಗಿಸುವುದು, ನೆರೆಯ ಕಿಟಕಿಗೆ ಎಡೆಮಾಡಿಕೊಡುವುದು, ಇವೆಲ್ಲ ಮತ್ತೆ ಮತ್ತೆ ನಡೆಯುತ್ತಿದ್ದರೂ ಇವನ್ನು ಕೆಲಸವೆಂದು ನಾವು ಎಣಿಸುವುದೇ ಇಲ್ಲ. ಭೌತವಿಜ್ಞಾನದ ಪ್ರಯೋಗವೊಂದನ್ನು ಮಾಡುವ ವಿದ್ಯಾರ್ಥಿಗೆ ಅಳತೆಗಳ ಕೋಷ್ಟಕ, ಅದರಿಂದ ಮೂಡುವ ಗ್ರಾಫು, ಉಪಕರಣದಿಂದ ಬರುವ ತರಂಗವನ್ನು ತೋರಿಸುವ ಕಿಟಕಿ, ಕೈಪಿಡಿಯ ಪುಟ, ಹೀಗೆ ನಾಲ್ಕು ಕಿಟಕಿಗಳಾದರೂ ಏಕಕಾಲದಲ್ಲಿ ಕಣ್ಣೆದುರಿಗೆ ಇರಬೇಕಾಗುವುದು. ಅಗ್ಗದ ಲ್ಯಾಪ್‌ಟಾಪುಗಳ ತೆರೆಯಲ್ಲಾದರೋ ಅಡ್ಡಕ್ಕೆ 1366, ಎತ್ತರಕ್ಕೆ 768 ಪಿಕ್ಸೆಲುಗಳಿರುವುದು ಸಾಮಾನ್ಯ. ಇಷ್ಟು ಕಿರಿದಾದ ಜಾಗವನ್ನು ಪಾಲುಮಾಡುವ ಅಧಿಕಾರ ಯಾರದು? ಈ ಲೇಖನದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಯಾವ ಕಿಟಕಿ ಎಲ್ಲಿ ಕೂರಬೇಕು, ಯಾವುದು ಎಷ್ಟು ದೊಡ್ಡದಾಗಿರಬೇಕು ಎಂಬ ನಿಯಮಗಳನ್ನು ವಿದ್ಯಾರ್ಥಿಯು ತಾನೇ ಬರೆಯಬೇಕು. ಇತರರು ಬರೆದುದನ್ನು ನಕಲುಮಾಡದೆ, ತನ್ನ ಯಂತ್ರವನ್ನು ತಾನೇ ಪರೀಕ್ಷಿಸಿ ನೋಡಿ ಬರೆಯಬೇಕು. ಕಾಲೇಜುಗಳು ಇದಕ್ಕೆ ಅವಕಾಶವನ್ನು ಕೊಡಬೇಕು. ಇದು ಕೇವಲ ಹೊತ್ತನ್ನು ಉಳಿಸುವ ಉಪಾಯವಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಬೇಕಾದ ಒಂದು ಅಭ್ಯಾಸವೇ ಇದರಲ್ಲಿದೆ.

ತೆರೆಯ ಮೇಲಿನ ಕಿಟಕಿಗಳನ್ನು ಇಡುವ, ಎತ್ತುವ, ಅಳತೆ ಕೊಡುವ ಕೆಲಸಕ್ಕೆಂದೇ ಒಂದು ತಂತ್ರಾಂಶವಿರುವುದು. ಅದಕ್ಕೆ ವಿಂಡೋ ಮ್ಯಾನೇಜರ್ ಎಂದು ಹೆಸರು; ನಾವು ಕಿಟಕಿಗಳ ಮೇಸ್ತ್ರಿ ಎನ್ನೋಣ. ಬಹುಮಂದಿ ಬಳಕೆದಾರರಿಗೆ ಈ ಮೇಸ್ತ್ರಿ ಇರುವುದೇ ತಿಳಿಯದು. ಏಕೆಂದರೆ ಅವರು ಕೊಂಡ ಯಂತ್ರದಲ್ಲಿ ಅವನು ಮೊದಲೇ ನೇಮಕಗೊಂಡಿರುತ್ತಾನೆ. ಅವನನ್ನು ಬದಲಾಯಿಸುವಂತೆಯೂ ಇಲ್ಲ. 1984ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯು ಬೇರೊಂದು ಮಾರ್ಗವನ್ನು ಹಿಡಿಯಿತು. ಕಿಟಕಿಗಳನ್ನು ತೆರೆಯ ಮೇಲೆ ಬರೆಯುವ ಸಾಧನವನ್ನಷ್ಟೇ ನಾವು ಕೊಡುತ್ತೇವೆ, ಅವು ಹೇಗೆ ಕೂರಬೇಕೆಂಬ ನೀತಿಯನ್ನು ನಾವು ವಿಧಿಸುವುದಿಲ್ಲ ಎಂಬುದು ಅದನ್ನು ರಚಿಸಿದವರ ನಿಲುವಾಗಿತ್ತು. ಆ ಕಾರಣದಿಂದ ಮೇಸ್ತ್ರಿಯು ಒಂದು ಪ್ರತ್ಯೇಕ ತಂತ್ರಾಂಶವಾಗಿ ಉಳಿದನು. ಬೇಕೆಂದವರು ತಮಗೆ ಬೇಕಾದ ಮೇಸ್ತ್ರಿಯನ್ನು ಇಟ್ಟುಕೊಳ್ಳಲು ಸಾಧ್ಯವಾಯಿತು.

ಈ ಮೇಸ್ತ್ರಿಗಳಲ್ಲಿ ಎರಡು ಪಂಥಗಳಿವೆ. ಕಿಟಕಿಗಳು ಒಂದರ ಮೇಲೊಂದು ಬೀಳಬಹುದೆನ್ನುವುದು ಒಂದು ಪಂಥ. ಬೀಳಕೂಡದು, ತೆರೆಯನ್ನೆಲ್ಲ ಹಂಚುಗಳಂತೆ ಅಂಚಿಗೆ ಅಂಚು ತಾಗಿಸಿ ತುಂಬಬೇಕು ಎನ್ನುವುದು ಮತ್ತೊಂದು. ಎರಡನೆಯದಕ್ಕೆ ಟೈಲಿಂಗ್ ಪದ್ಧತಿ ಎನ್ನುವರು. ಇದು ಹೊಸದೇನೂ ಅಲ್ಲ. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಯಂತ್ರದಲ್ಲಿ ಕಿಟಕಿಗಳು ಒಂದನ್ನೊಂದು ಮುಚ್ಚುತ್ತಿರಲಿಲ್ಲ. 1985ರ ನವೆಂಬರಿನಲ್ಲಿ ಬಿಡುಗಡೆಯಾದ ವಿಂಡೋಸ್‌ನ ಮೊದಲನೆಯ ಆವೃತ್ತಿಯಲ್ಲಿಯೂ ಮುಖ್ಯ ಕಿಟಕಿಗಳು ಅಕ್ಕಪಕ್ಕದಲ್ಲಿಯೇ ಕೂರುತ್ತಿದ್ದವು. ಮೇಲೆ ಬೀಳುವ ಸ್ವಾತಂತ್ರ್ಯ ಅವಕ್ಕೆ ದೊರೆತುದು 1987ರ ಎರಡನೆಯ ಆವೃತ್ತಿಯಲ್ಲಿ. ಮುಂದೆ ಜನಸಾಮಾನ್ಯರ ಯಂತ್ರಗಳಲ್ಲಿ ಮೊದಲನೆಯ ಪಂಥವೇ ಗೆದ್ದಿತು. ಆದರೆ ಗ್ನು ಲಿನಕ್ಸ್ ಬಳಸುವವರಲ್ಲಿ ಟೈಲಿಂಗ್ ಪದ್ಧತಿಯು ಮತ್ತೆ ಚಿಗುರಿತು. 2006ರಲ್ಲಿ ಡಿಡಬ್ಲ್ಯೂಎಂ, 2007ರಲ್ಲಿ ಎಕ್ಸ್‌ಮೊನಾಡ್, 2009ರಲ್ಲಿ ಐ-3 ಎಂಬ ಮೇಸ್ತ್ರಿಗಳು ಹುಟ್ಟಿದುವು. ಎಕ್ಸ್ ವ್ಯವಸ್ಥೆಯ ಸ್ಥಾನಕ್ಕೆ ಈಗ ಬರುತ್ತಿರುವ ವೇಲ್ಯಾಂಡಿನಲ್ಲಿ ಐ-3ರ ನಡೆಯನ್ನೇ ಅನುಸರಿಸುವ ಸ್ವೇ ಎಂಬುದೊಂದಿದೆ.

ಹಂಚಿನ ಮಾತು ಬಂದುದರಿಂದ ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಉಳ್ಳಾಲದಿಂದ ನೇತ್ರಾವತಿಯ ಸೇತುವೆಯನ್ನು ದಾಟಿದರೆ ಜೆಪ್ಪು. ಅಲ್ಲಿ 1865ರಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ನದಿಯ ದಂಡೆಯ ಜೇಡಿಮಣ್ಣು ಅದಕ್ಕೆ ಒದಗಿತು. ಬಳಿಕ ನೇತ್ರಾವತಿ, ಗುರುಪುರ ನದಿಗಳ ದಂಡೆಗಳಲ್ಲಿ ಇಂತಹ ಕಾರ್ಖಾನೆಗಳು ಹಲವು ಎದ್ದವು. ಅವುಗಳಲ್ಲಿ ಬಹಳಷ್ಟು ಇಂದು ಮುಚ್ಚಿಹೋಗಿದ್ದರೂ ಮಂಗಳೂರು ಹಂಚಿನ ಮಾಡುಗಳು ಇನ್ನೂ ಕಾಣಸಿಗುತ್ತವೆ. ಮಾಡಿನ ಹಂಚುಗಳಲ್ಲಿ ಬಹುಪಾಲು ಒಂದೇ ಅಳತೆಯವು, ಒಂದೇ ಆಕಾರದವು. ಪಕ್ಕಾಸಿನ ಮೇಲೆ ರೀಪು ಹೊಡೆದ ಮೇಲೆ ಅವನ್ನು ಸಾಲಾಗಿ ಹೊದಿಸುತ್ತ ಹೋಗಬಹುದು. ಪ್ರತಿಯೊಂದಕ್ಕೂ ಎಲ್ಲಿ ಇಡಲಿ ಎಂದು ಮೇಸ್ತ್ರಿಯು ಯಜಮಾನನನ್ನು ಕೇಳಬೇಕಾಗಿಲ್ಲ. ಸಾಮಾನ್ಯ ನಿಯಮದ ಬಲ ಇದು. ಆದರೆ ಎರಡು ಇಳಿಜಾರುಗಳು ಸೇರುವ ನೆತ್ತಿಯ ಮೇಲೆ ಸಾಮಾನ್ಯ ಹಂಚು ಕೂರದು. ಅಲ್ಲಿಗೆ ಬೇರೆ ಆಕಾರದ ಹಂಚು ಬೇಕು. ಕತ್ತಲೆಯ ಕೋಣೆಗೆ ಬೆಳಕು ಬರಬೇಕಾದೆಡೆ ಗಾಜಿನ ಹಂಚನ್ನು ಇಡಬೇಕು. ಈ ಅಪವಾದಗಳನ್ನು ಮನೆಯವರು ಹೇಳದಿದ್ದರೆ ಮೇಸ್ತ್ರಿಗೆ ತಿಳಿಯುವ ಬಗೆ ಹೇಗೆ?

ಟೈಲಿಂಗ್ ಮೇಸ್ತ್ರಿಯ ಸ್ಥಿತಿಯೂ ಹೀಗೆಯೇ ಇದೆ. ಕಿಟಕಿಯೊಂದು ತೆರೆಯಿತೆಂದರೆ ಅದು ತೆರೆಯನ್ನೆಲ್ಲ ತುಂಬುವುದು. ಎರಡನೆಯದು ಬಂದರೆ ಜಾಗವು ಎರಡು ಪಾಲಾಗಿ ತಲಾ 683 ಪಿಕ್ಸೆಲ್ ಅಗಲ ದೊರೆಯುವುದು. ಮೂರನೆಯದು ಬಂದರೆ ಬಲಗಡೆಯ ಪಾಲು ಮತ್ತೆ ಎರಡಾಗುವಂತೆ ಏರ್ಪಡಿಸಬಹುದು. ಕೈಯಿಂದ ಎಳೆಯುವ, ತಳ್ಳುವ ಕೆಲಸವಿಲ್ಲ. ಪಾಠವನ್ನು ಓದುವುದಕ್ಕೆ, ಪ್ರೋಗ್ರಾಮು ಬರೆಯುವುದಕ್ಕೆ, ಕೋಷ್ಟಕ ತುಂಬುವುದಕ್ಕೆ ಇದಕ್ಕಿಂತ ಅನುಕೂಲವಾದ ಪದ್ಧತಿ ಬೇರೆಯಿಲ್ಲವೆಂದೇ ನಮಗೆ ತೋರುವುದು. ಆದರೆ ಒಂದು ಚಿಕ್ಕ ಕ್ಯಾಲ್ಕ್ಯುಲೇಟರನ್ನು ತೆರೆದೊಡನೆ ಅದೂ ತೆರೆಯ ಅರ್ಧವನ್ನು ಆಕ್ರಮಿಸಿ, ಅದರ ಗುಂಡಿಗಳು ಅಂಗೈಯಗಲವಾಗಿ ಹಿಗ್ಗಿ ನಿಂತರೆ, ಸಾಮಾನ್ಯ ನಿಯಮವು ಎಲ್ಲೆಡೆಗೂ ಸಲ್ಲದೆಂಬುದು ಗೊತ್ತಾಗುವುದು.

ಕ್ಯಾಲ್ಕ್ಯುಲೇಟರು ಹಿಗ್ಗಿದರೆ ನಗಬಹುದು. ಅಳತೆಯೇ ಕೆಟ್ಟರೆ? ಲಿಸಾಜು ಆಕೃತಿಗಳನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಒಂದೇ ಕಂಪನಾಂಕವೂ ಒಂದೇ ಕಂಪನವಿಸ್ತಾರವೂ ಉಳ್ಳ ಎರಡು ಕಂಪನಗಳನ್ನು ಪರಸ್ಪರ ಲಂಬವಾಗಿ ಕೂಡಿಸಿದಾಗ, ಅವುಗಳ ನಡುವಣ ಪ್ರಾವಸ್ಥೆಯ ಅಂತರವು 90 ಡಿಗ್ರಿಯಾಗಿದ್ದರೆ ವೃತ್ತವೂ, ಸೊನ್ನೆಯಾಗಿದ್ದರೆ 45 ಡಿಗ್ರಿ ವಾಲಿದ ನೇರ ಗೆರೆಯೂ ಮೂಡುವುವು. ಈಗ ಅಕ್ಷಗಳ ಪ್ರಮಾಣವನ್ನು ಕಾಯ್ದುಕೊಳ್ಳದೆ ಕಿಟಕಿಯನ್ನೆಲ್ಲ ತುಂಬಿ ಚಿತ್ರಿಸುವ ತಂತ್ರಾಂಶವನ್ನು ಟೈಲಿಂಗ್ ಮೇಸ್ತ್ರಿಯು 683ಕ್ಕೆ 768ರ ಪಾಲಿನಲ್ಲಿ ಕೂರಿಸಿದನೆನ್ನಿ. ವೃತ್ತವು ಅಡ್ಡಕ್ಕೆ ನೂರಕ್ಕೆ ಸುಮಾರು 11ರಷ್ಟು ಕುಗ್ಗಿ ಮೊಟ್ಟೆಯಾಗುವುದು. 45 ಡಿಗ್ರಿಯ ಗೆರೆಯು ಸುಮಾರು 48.4 ಡಿಗ್ರಿಗೆ ವಾಲುವುದು. ಸಮನಾದ ಎರಡು ಕಂಪನಗಳು ಅಸಮವೆಂದು ವಿದ್ಯಾರ್ಥಿಯು ಬರೆದುಕೊಳ್ಳುವನು. ಉಪಕರಣದಲ್ಲಿ ದೋಷವಿಲ್ಲ, ಗಣಿತದಲ್ಲಿ ದೋಷವಿಲ್ಲ; ಕಿಟಕಿ ಕುಳಿತ ಜಾಗದಲ್ಲಿ ದೋಷ.

ಇಲ್ಲಿ ಒಂದು ಸೂಕ್ಷ್ಮವನ್ನೂ ಗಮನಿಸಬೇಕು. ವಾಲಿದ ದೀರ್ಘವೃತ್ತದಿಂದ ಪ್ರಾವಸ್ಥೆಯನ್ನು ಲೆಕ್ಕಹಾಕುವಾಗ ಒಂದೇ ಅಕ್ಷದ ಮೇಲಿನ ಎರಡು ಉದ್ದಗಳ ನಿಷ್ಪತ್ತಿಯನ್ನು ತೆಗೆದುಕೊಳ್ಳುವೆವು. ಆ ಅಕ್ಷವು ಎಷ್ಟೇ ಹಿಗ್ಗಿದರೂ ಕುಗ್ಗಿದರೂ ಎರಡು ಉದ್ದಗಳೂ ಒಂದೇ ಪ್ರಮಾಣದಲ್ಲಿ ಬದಲಾಗುವುದರಿಂದ ನಿಷ್ಪತ್ತಿಯು ಬದಲಾಗದು. ಆದಕಾರಣ ಪ್ರಾವಸ್ಥೆಯ ಲೆಕ್ಕ ಸುರಕ್ಷಿತ. ಕಣ್ಣಳತೆಯಿಂದ ಮಾಡುವ ಕಂಪನವಿಸ್ತಾರಗಳ ಹೋಲಿಕೆ ಮಾತ್ರ ಕೆಡುವುದು. ಯಾವುದು ಕೆಡುತ್ತದೆ, ಯಾವುದು ಉಳಿಯುತ್ತದೆ ಎಂದು ವಿವೇಚಿಸುವುದೇ ಭೌತವಿಜ್ಞಾನ. ಅದನ್ನು ವಿವೇಚಿಸಿದ ವಿದ್ಯಾರ್ಥಿಯು ತನ್ನ ಮೇಸ್ತ್ರಿಗೆ ಹೀಗೊಂದು ಆಜ್ಞೆಯನ್ನು ಕೊಡುವನು: ತರಂಗವನ್ನು ತೋರಿಸುವ ಈ ಕಿಟಕಿಯನ್ನು ಹಂಚಿನಂತೆ ಹೊದಿಸಬೇಡ, ಇದು ಉಳಿದವುಗಳ ಮೇಲೆ ತೇಲಲಿ, ಚಿತ್ರ ಬರೆಯುವ ಭಾಗವು 600ಕ್ಕೆ 600ರ ಚೌಕವಾಗುವಂತೆ ಇದರ ಅಳತೆಯಿರಲಿ. ತಂತ್ರಾಂಶಕ್ಕೊಂದರಂತೆ ಬರೆಯುವ ಕಿಟಕಿಯ ನಿಯಮ ಎಂದರೆ ಇದೇ. ಐ-3, ಸ್ವೇ ಇವುಗಳಲ್ಲಿ ಇದನ್ನು ಸಾದಾ ಪಠ್ಯದ ಕಡತವೊಂದರಲ್ಲಿ ಒಂದೆರಡು ಸಾಲುಗಳಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡುವರು. ಡಿಡಬ್ಲ್ಯೂಎಂನಲ್ಲಿಯಾದರೆ ಸಿ ಭಾಷೆಯ ಮೂಲದಲ್ಲಿಯೇ ಬರೆದು ತಂತ್ರಾಂಶವನ್ನು ಮತ್ತೆ ಸಂಕಲಿಸಬೇಕಾಗುವುದು.

ಪ್ರತಿಯೊಂದು ನಿಯಮಕ್ಕೂ ಎರಡು ಅಂಗಗಳು. ಯಾವ ಕಿಟಕಿ ಎಂಬುದು ಮೊದಲನೆಯದು. ಅದಕ್ಕೆ ಏನು ಮಾಡಬೇಕು ಎಂಬುದು ಎರಡನೆಯದು. ಎರಡನೆಯದು ಸುಲಭ: ತೇಲಿಸು, ಇಂತಹ ಅಳತೆ ಕೊಡು, ಮೂರನೆಯ ವರ್ಕ್‌ಸ್ಪೇಸಿಗೆ, ಎಂದರೆ ಮೂರನೆಯ ಅಂಗಣಕ್ಕೆ ಕಳುಹಿಸು, ಇತ್ಯಾದಿ. ಕಷ್ಟವಿರುವುದು ಮೊದಲನೆಯದರಲ್ಲಿ. ಕಿಟಕಿಯನ್ನು ಗುರುತಿಸುವುದು ಹೇಗೆ? ಮನುಷ್ಯನು ನೋಡಿ ಗುರುತಿಸುತ್ತಾನೆ, ಮೇಸ್ತ್ರಿಗೆ ಕಣ್ಣಿಲ್ಲ. ಕಿಟಕಿಯು ತನ್ನನ್ನು ಕುರಿತು ಹೇಳಿಕೊಳ್ಳುವ ಕೆಲವು ಗುಣಗಳನ್ನೇ ಅವನು ನಂಬಬೇಕು. ಎಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಿಟಕಿಗೂ ವರ್ಗನಾಮವೆಂಬುದೊಂದು, ವ್ಯಕ್ತಿನಾಮವೆಂಬುದೊಂದು, ಮೇಲಂಚಿನಲ್ಲಿ ಕಾಣುವ ಶೀರ್ಷಿಕೆಯೊಂದು ಇರುವುವು. ತಾನು ಮುಖ್ಯ ಕಿಟಕಿಯೋ, ಪ್ರಶ್ನೆ ಕೇಳಲು ಬಂದ ಚಿಕ್ಕ ಕಿಟಕಿಯೋ, ಯಾವ ತಾಯಿಕಿಟಕಿಗೆ ಸೇರಿದುದು ಎಂಬುದನ್ನೂ ಅದು ತಿಳಿಸಬಹುದು. ವೇಲ್ಯಾಂಡಿನಲ್ಲಿ ವರ್ಗನಾಮದ ಸ್ಥಾನದಲ್ಲಿ ತಂತ್ರಾಂಶದ ಗುರುತು ಎಂಬ ಒಂದೇ ಹೆಸರಿದೆ. ಈ ಗುಣಗಳನ್ನು ಊಹಿಸಬೇಕಾಗಿಲ್ಲ. ಎಕ್ಸ್‌ನಲ್ಲಿ ಎಕ್ಸ್‌ಪ್ರಾಪ್ ಎಂಬ ಚಿಕ್ಕ ಸಾಧನವನ್ನು ನಡೆಸಿ ಕಿಟಕಿಯ ಮೇಲೆ ಒತ್ತಿದರೆ ಅದರ ಗುಣಗಳೆಲ್ಲ ಪಟ್ಟಿಯಾಗಿ ಬರುವುವು. ಸ್ವೇಯಲ್ಲಿ ಕಿಟಕಿಗಳ ವೃಕ್ಷವನ್ನೇ ಕೇಳಿ ಪಡೆಯಬಹುದು.

ಇವುಗಳಲ್ಲಿ ಯಾವುದನ್ನು ನಂಬಬೇಕು? ಇಲ್ಲಿಯೂ ಹಂಚಿನ ಹೋಲಿಕೆ ನೆರವಾಗುವುದು. ಹಳೆಯ ಹಂಚೊಂದನ್ನು ಕೈಗೆತ್ತಿಕೊಂಡರೆ ಅದರ ಬಣ್ಣವು ಮಳೆಗೆ ಮಾಸಿರಬಹುದು, ಪಾಚಿ ಹಿಡಿದಿರಬಹುದು. ಆದರೆ ಸುಡುವ ಮೊದಲೇ ಮಣ್ಣಿನಲ್ಲಿ ಒತ್ತಿದ ಕಾರ್ಖಾನೆಯ ಹೆಸರು ಅಳಿಯದು. ಬಾಸೆಲ್ ಮಿಷನಿನ ಹಂಚುಗಳ ಮೇಲೆ 1865 ಎಂಬ ಇಸವಿಯನ್ನು ಇಂದಿಗೂ ಓದಬಹುದು. ಶೀರ್ಷಿಕೆಯು ಪಾಚಿಯಂತೆ, ವರ್ಗನಾಮವು ಅಚ್ಚಿನಂತೆ. ಶೀರ್ಷಿಕೆಯು ತೆರೆದ ಕಡತದ ಹೆಸರಿನೊಂದಿಗೆ ಬದಲಾಗುವುದು, ಓದುತ್ತಿರುವ ಪುಟದೊಂದಿಗೆ ಬದಲಾಗುವುದು. ವರ್ಗನಾಮವು ಸಾಮಾನ್ಯವಾಗಿ ಸ್ಥಿರವಾಗಿರುವುದು. ಬದಲಾಗುವ ಗುಣವನ್ನು ಬಿಟ್ಟು ಬದಲಾಗದ ಗುಣದಿಂದ ವಸ್ತುವನ್ನು ಗುರುತಿಸಬೇಕೆಂಬ ಈ ಪಾಠವು ರಸಾಯನ ಪ್ರಯೋಗಶಾಲೆಯಲ್ಲಿಯೂ ಉಂಟು, ಸಸ್ಯವಿಜ್ಞಾನದಲ್ಲಿಯೂ ಉಂಟು.

ಕನ್ನಡದ ವಿದ್ಯಾರ್ಥಿಗೆ ಈ ಪಾಠವು ಇನ್ನೂ ಒಂದು ಕಾರಣದಿಂದ ಮುಖ್ಯ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದೊಡನೆ ಮೆನುಗಳಂತೆಯೇ ಕಿಟಕಿಗಳ ಶೀರ್ಷಿಕೆಗಳೂ ಕನ್ನಡವಾಗತಕ್ಕವು. ಇಂಗ್ಲಿಷ್ ಶೀರ್ಷಿಕೆಯನ್ನು ನಂಬಿ ಬರೆದ ನಿಯಮವು ಆ ಕ್ಷಣದಿಂದಲೇ ವ್ಯರ್ಥ. ಅದು ತಪ್ಪೆಂದು ಯಂತ್ರವು ಹೇಳುವುದೂ ಇಲ್ಲ; ಹೊಂದುವ ಕಿಟಕಿ ದೊರೆಯದೆ ನಿಯಮವು ಸುಮ್ಮನೆ ಮಲಗಿರುವುದು. ಆದರೆ ತಂತ್ರಾಂಶದ ವರ್ಗನಾಮವನ್ನು ಯಾರೂ ಅನುವಾದಿಸುವುದಿಲ್ಲ. ವರ್ಗನಾಮವನ್ನು ನಂಬಿದ ನಿಯಮವು ಭಾಷೆ ಬದಲಾದರೂ ನಿಲ್ಲುವುದು. ಅನ್ಯರ ಕಡತವನ್ನು ನಕಲುಮಾಡಿದವನು, ತನ್ನ ಭಾಷೆಯನ್ನು ಬಳಸಲು ಹೊರಟಾಗ ಯಂತ್ರವು ಕೆಟ್ಟಿತೆಂದು ಭ್ರಮಿಸಿ ಇಂಗ್ಲಿಷಿಗೇ ಮರಳುವನು. ಕೆಟ್ಟುದು ಯಂತ್ರವೂ ಅಲ್ಲ, ಕನ್ನಡವೂ ಅಲ್ಲ. ನೋಡದೆ ಬರೆದ ನಿಯಮ.

ಹೀಗೆಂದ ಮಾತ್ರಕ್ಕೆ ಶೀರ್ಷಿಕೆಯನ್ನು ಎಂದಿಗೂ ನಂಬಕೂಡದೆಂದು ತಿಳಿಯಬಾರದು. ಫೈರ್‌ಫಾಕ್ಸಿನಲ್ಲಿ ವೀಡಿಯೊವನ್ನು ಬೇರ್ಪಡಿಸಿ ಮೂಲೆಯಲ್ಲೊಂದು ಚಿಕ್ಕ ಕಿಟಕಿಯಾಗಿ ಇಟ್ಟುಕೊಳ್ಳುವ ಅನುಕೂಲವಿದೆ. ಆ ಚಿಕ್ಕ ಕಿಟಕಿಗೂ ದೊಡ್ಡ ಕಿಟಕಿಗೂ ಅಚ್ಚು ಒಂದೇ ಆಗಿರುವಲ್ಲಿ ಬೇರ್ಪಡಿಸುವ ಗುಣವೆಂದರೆ ಶೀರ್ಷಿಕೆ. ಆಗ ವರ್ಗ, ಶೀರ್ಷಿಕೆ ಎರಡನ್ನೂ ಸೇರಿಸಿ ನಿಯಮವನ್ನು ಬರೆಯಬೇಕು. ಆ ಶೀರ್ಷಿಕೆಯು ತನ್ನ ಯಂತ್ರದಲ್ಲಿ ಯಾವ ಭಾಷೆಯಲ್ಲಿದೆ ಎಂಬುದನ್ನು ನೋಡಿಯೇ ಬರೆಯಬೇಕು. ಅಚ್ಚಿನಲ್ಲಿಯೂ ಮೋಸಹೋಗುವ ಸಂಭವವುಂಟು. ಚಿತ್ರ ತಿದ್ದುವ ಜಿಂಪ್ ತಂತ್ರಾಂಶದ 2.10ನೆಯ ಆವೃತ್ತಿಯಲ್ಲಿ ವರ್ಗನಾಮದೊಳಗೇ 2.10 ಎಂಬ ಸಂಖ್ಯೆ ಸೇರಿಕೊಂಡಿತ್ತು. ಹೆಸರನ್ನು ಇದ್ದಂತೆಯೇ ಪೂರ್ಣವಾಗಿ ಬರೆದವನ ನಿಯಮವು ಆ ಆವೃತ್ತಿಗೆ ಮಾತ್ರ ಸಲ್ಲುವುದು. ಜಿಂಪ್ ಎಂದು ಮೊದಲಾಗುವ ಹೆಸರು ಎಂದಷ್ಟೇ ಬರೆದವನದು ಸಂಖ್ಯೆ ಬದಲಾದರೂ ಉಳಿಯುವುದು. ನಿಯಮವು ತೀರ ಸಡಿಲವಾದರೆ ಬೇಡದ ಕಿಟಕಿಗಳನ್ನೂ ಹಿಡಿಯುವುದು. ತೀರ ಬಿಗಿಯಾದರೆ ಬೇಕಾದುದನ್ನೂ ಬಿಡುವುದು. ಎಷ್ಟು ಬಿಗಿಯಿರಬೇಕೆಂಬುದನ್ನು ಪುಸ್ತಕವು ಹೇಳಲಾರದು, ಪ್ರಯೋಗವೇ ಹೇಳಬೇಕು.

ಕಾಲದ ಪ್ರಶ್ನೆಯೂ ಇದೆ. ಕಿಟಕಿಯು ತೆರೆಯ ಮೇಲೆ ಬರುವ ಕ್ಷಣದಲ್ಲಿಯೇ ತನ್ನ ಗುಣಗಳನ್ನು ಹೇಳಬೇಕೆಂಬುದು ಶಿಷ್ಟಾಚಾರ. ಕೆಲವು ತಂತ್ರಾಂಶಗಳು ಮೊದಲು ಕಿಟಕಿಯನ್ನು ತೆರೆದು ಅನಂತರ ಹೆಸರು ಹೇಳುವುವು. ಸಂಗೀತ ಕೇಳಿಸುವ ಸ್ಪಾಟಿಫೈ ಹೀಗೆ ತಡವಾಗಿ ಹೆಸರು ಹೇಳುತ್ತಿದ್ದುದುಂಟು. ಬಾಗಿಲಲ್ಲಿ ಒಮ್ಮೆ ಮಾತ್ರ ಹೆಸರು ಕೇಳುವ ನಿಯಮವು ಇಂತಹವನ್ನು ಹಿಡಿಯಲಾರದು. ಹೆಸರು ಬದಲಾದಾಗಲೂ ಮತ್ತೆ ನೋಡುವ ಬೇರೊಂದು ಬಗೆಯ ನಿಯಮ ಬೇಕು. ಅಳತೆಯನ್ನು ಯಾವಾಗ ತೆಗೆದುಕೊಂಡೆ ಎಂಬುದೂ ಅಳತೆಯ ಒಂದು ಅಂಗವೆಂದು ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುತ್ತಲೇ ಇರುತ್ತೇವೆ. ಅದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಯಾವುದು?

ಈಗ ಆಕ್ಷೇಪಣೆಗಳನ್ನು ನೋಡೋಣ. ಇದೆಲ್ಲ ಕಾಲಹರಣ, ಪರೀಕ್ಷೆಗೆ ಬಾರದ ವಿದ್ಯೆ ಎಂಬುದು ಮೊದಲನೆಯದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಕಿಟಕಿಗಳನ್ನು ಸಿಂಗರಿಸುತ್ತ ಇಡೀ ರಾತ್ರಿ ಕಳೆಯುವ ತರುಣರುಂಟು. ಅಂಚಿನ ಬಣ್ಣ, ಮೂಲೆಯ ದುಂಡುತನ, ಹಿನ್ನೆಲೆಯ ಚಿತ್ರ ಇವುಗಳಿಗೆ ಕೊನೆಯೇ ಇಲ್ಲ. ಅದನ್ನು ನಾವು ಸಮರ್ಥಿಸುತ್ತಿಲ್ಲ. ನಾವು ಹೇಳುವ ನಿಯಮವು ಒಂದು ತೊಂದರೆಯಿಂದ ಹುಟ್ಟಬೇಕು. ತೊಂದರೆ ಮೂರು ಸಲ ಮರುಕಳಿಸಿದರೆ ನಿಯಮ ಬರೆಯಲಿ. ಒಂದೇ ಸಲ ಬಂದುದಕ್ಕೆ ಕೈಯಿಂದ ಸರಿಪಡಿಸಿದರೆ ಸಾಕು. ನಿಯಮಗಳು ಹೆಚ್ಚಿದಷ್ಟೂ ಸಾಮಾನ್ಯ ನಿಯಮದ ಪ್ರಯೋಜನವು ಕುಗ್ಗುವುದು. ಟಾಲೆಮಿಯ ಖಗೋಳದಲ್ಲಿ ಗ್ರಹಗಳ ಚಲನೆಯನ್ನು ವಿವರಿಸಲು ವೃತ್ತದ ಮೇಲೆ ವೃತ್ತವನ್ನು ಪೇರಿಸಿದುದನ್ನು ನಾವು ಓದಿದ್ದೇವೆ. ಐವತ್ತು ಅಪವಾದಗಳುಳ್ಳ ಕಡತವು ಅದೇ ಜಾತಿಯದು. ಅಷ್ಟು ಅಪವಾದಗಳು ಬೇಕೆನಿಸಿದವನಿಗೆ ಟೈಲಿಂಗ್ ಪದ್ಧತಿಯೇ ಹೊಂದದೆನ್ನಬೇಕು; ಅವನು ಮೊದಲಿನ ಪದ್ಧತಿಗೆ ಮರಳುವುದರಲ್ಲಿ ಅವಮಾನವೇನೂ ಇಲ್ಲ.

ದೊಡ್ಡ ಕಂಪೆನಿಗಳು ನಮಗಾಗಿ ಇದನ್ನೆಲ್ಲ ಮಾಡಿಟ್ಟಿರುವಾಗ ನಾವೇಕೆ ತಲೆಕೆಡಿಸಿಕೊಳ್ಳಬೇಕು ಎಂಬುದು ಎರಡನೆಯ ಆಕ್ಷೇಪಣೆ. ಅವರು ಮಾಡಿಟ್ಟಿರುವುದು ಎಲ್ಲರಿಗೂ ಆಗುವಂತಹುದು. ನಮ್ಮ ಪ್ರಯೋಗದ ಮೇಜು ಅವರಿಗೆ ಕಾಣದು. ಅವರ ಏರ್ಪಾಡಿಗೆ ಆಯುಸ್ಸೂ ಉಂಟು. ವಿಂಡೋಸ್ 10ಕ್ಕೆ ಅದರ ಕಂಪೆನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ಆವೃತ್ತಿಗೆ ಬೇಕಾದ ಭಾಗಗಳಿಲ್ಲದ ಹಳೆಯ ಯಂತ್ರಗಳು, ಕೆಲಸ ಮಾಡುವ ಶಕ್ತಿ ಇನ್ನೂ ಇದ್ದರೂ, ಆ ದಾರಿಯಲ್ಲಿ ಮುಂದೆ ಹೋಗಲಾರವು. ಅಂತಹ ಯಂತ್ರಗಳಲ್ಲಿ ಗ್ನು ಲಿನಕ್ಸನ್ನೂ ಹಗುರವಾದ ಮೇಸ್ತ್ರಿಯೊಬ್ಬನನ್ನೂ ಇರಿಸಿ ಪ್ರಯೋಗಶಾಲೆಯಲ್ಲಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬಹುದು. ನವದೆಹಲಿಯ ಅಂತರ್ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ರೂಪುಗೊಂಡ ಎಕ್ಸ್‌ಪೈಸ್ ಎಂಬ ಚಿಕ್ಕ ಪ್ರಯೋಗೋಪಕರಣದ ತಂತ್ರಾಂಶವೂ ಲಿನಕ್ಸಿನಲ್ಲಿ ನಡೆಯುವುದು.

ಹಲವು ವಿದ್ಯಾರ್ಥಿಗಳು ಸರದಿಯ ಮೇಲೆ ಬಳಸುವ ಯಂತ್ರದಲ್ಲಿ ಒಬ್ಬನ ನಿಯಮವು ಮತ್ತೊಬ್ಬನಿಗೆ ತೊಡಕಾಗದೆ ಎಂಬುದು ಮೂರನೆಯದು. ಪ್ರಯೋಗಶಾಲೆಯ ಹೊಣೆ ಹೊತ್ತವರು ಕೇಳುವ ಪ್ರಶ್ನೆ ಇದು, ನ್ಯಾಯವಾದುದೂ ಹೌದು. ಆದರೆ ಈ ನಿಯಮಗಳ ಕಡತವು ಬಳಕೆದಾರನ ಸ್ವಂತ ಕಡತಗಳ ಜೊತೆಯಲ್ಲಿರುವುದು. ಪ್ರತಿಯೊಬ್ಬನಿಗೂ ಬೇರೆ ಬೇರೆ ಪ್ರವೇಶನಾಮವನ್ನು ಕೊಟ್ಟರೆ ಒಬ್ಬನ ನಿಯಮವು ಇನ್ನೊಬ್ಬನನ್ನು ತಟ್ಟದು. ಕಡತವೂ ಕೆಲವೇ ಸಾಲುಗಳದಾದುದರಿಂದ ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯಬಹುದು, ಅದೇ ಮೇಸ್ತ್ರಿಯಿರುವ ಇನ್ನೊಂದು ಯಂತ್ರದಲ್ಲಿ ಇಟ್ಟು ಪರೀಕ್ಷಿಸಬಹುದು. ಕೀಲಿಮಣೆಯಿಂದಲೇ ಎಲ್ಲವನ್ನೂ ನಡೆಸುವುದು ಮೊದಮೊದಲು ಕಷ್ಟವೆಂಬುದು ನಿಜ. ಆದುದರಿಂದ ಎಲ್ಲರೂ ಟೈಲಿಂಗ್ ಮೇಸ್ತ್ರಿಯನ್ನೇ ಬಳಸಬೇಕೆಂದು ನಾವು ಒತ್ತಾಯಿಸುವುದಿಲ್ಲ. ಬಳಸಲು ಬಯಸಿದವನನ್ನು ತಡೆಯಬಾರದೆಂದಷ್ಟೇ ನಮ್ಮ ವಾದ.

ಇದು ನಮ್ಮ ಸೀಮೆಗೆ ಸಲ್ಲದ ವಿದ್ಯೆಯೆಂದು ಹೇಳುವವರಿಗೆ ಎರಡು ಸಂಗತಿಗಳನ್ನು ನೆನಪಿಸಬಯಸುತ್ತೇವೆ. ಉಳ್ಳಾಲದಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ತಲಪಾಡಿಯನ್ನು ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿಯ ಕನ್ನಡ ಮಾಧ್ಯಮದ ಪ್ರೌಢಶಾಲೆಯ ಮಕ್ಕಳು ಮಾಹಿತಿ ತಂತ್ರಜ್ಞಾನವನ್ನು ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕದಿಂದ, ಗ್ನು ಲಿನಕ್ಸ್ ಯಂತ್ರಗಳ ಮೇಲೆ ಕಲಿಯುತ್ತಾರೆ. 2001ರಲ್ಲಿ ಕೇರಳದಲ್ಲಿ ಆರಂಭವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟ ಯೋಜನೆಯ ಫಲ ಅದು. ಎರಡನೆಯದು ಇನ್ನೂ ಹತ್ತಿರದ ಸಂಗತಿ. ಕನ್ನಡವನ್ನು ಕೀಲಿಮಣೆಯಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಬೆರಳಚ್ಚಿಸುವ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ನಮ್ಮ ಜಿಲ್ಲೆಯ ಕಿನ್ನಿಕಂಬಳದವರು. ಅದನ್ನು ಆಧರಿಸಿದ ವಿನ್ಯಾಸವನ್ನೇ ಕರ್ನಾಟಕ ಸರ್ಕಾರವು ಅಂಗೀಕರಿಸಿತು. ಯಾವ ಕೀಲಿಗೆ ಯಾವ ಅಕ್ಷರ ಎಂಬುದೂ ಒಂದು ನಿಯಮಾವಳಿಯೇ. ಅದನ್ನು ಬೇರೆ ಯಾರೋ ಬರೆದು ಕೊಡಲೆಂದು ಅವರು ಕಾದು ಕುಳಿತಿದ್ದರೆ ಕನ್ನಡವು ಯಂತ್ರಕ್ಕೆ ಬಾಗಬೇಕಾಗುತ್ತಿತ್ತು. ನಿಯಮವನ್ನು ಇಲ್ಲಿಯವರೇ ಬರೆದುದರಿಂದ ಯಂತ್ರವು ಕನ್ನಡಕ್ಕೆ ಬಾಗಿತು.

ಆದುದರಿಂದ ಕಾಲೇಜುಗಳ ಮುಂದೆ ನಾವು ಒಂದು ಚಿಕ್ಕ ಸಲಹೆಯನ್ನು ಇಡುತ್ತೇವೆ. ವರ್ಷದ ಪ್ರಯೋಗಗಳಲ್ಲಿ ಒಂದು ಅವಧಿಯನ್ನು ಇದಕ್ಕೆ ಕೊಡಲಿ. ವಿದ್ಯಾರ್ಥಿಯು ತಾನು ನಿತ್ಯ ಬಳಸುವ ಮೂರು ತಂತ್ರಾಂಶಗಳನ್ನು ಆರಿಸಿಕೊಳ್ಳಲಿ. ಪ್ರತಿಯೊಂದರ ಕಿಟಕಿಯ ಗುಣಗಳನ್ನು ಸಾಧನದಿಂದ ನೋಡಿ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಲಿ. ನಿಯಮ ಬೇಕೆ, ಬೇಕಾದರೆ ಏಕೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲಿ. ನಿಯಮವನ್ನು ಬರೆಯುವ ಮೊದಲು, ಅದರಿಂದ ಏನಾಗಬೇಕೆಂದು ನಿರೀಕ್ಷಿಸುವನೋ ಅದನ್ನು ಬರೆಯಲಿ. ಆಮೇಲೆ ಯಂತ್ರವನ್ನು ನಡೆಸಿ ನೋಡಲಿ. ಕೊನೆಗೆ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ಮತ್ತೊಮ್ಮೆ ಪರೀಕ್ಷಿಸಲಿ. ಮೂರರಲ್ಲಿ ಒಂದಕ್ಕೆ ನಿಯಮವೇ ಬೇಡವೆಂದು ಕಂಡುಕೊಂಡವನಿಗೂ ಪೂರ್ಣ ಅಂಕಗಳನ್ನು ಕೊಡತಕ್ಕದ್ದು.

ಹಿಂದಿನ ವರ್ಷದ ದಾಖಲೆ ಪುಸ್ತಕದಿಂದ ಅಳತೆಗಳನ್ನು ಎತ್ತಿ ಬರೆಯುವವನು ಪ್ರಯೋಗವನ್ನು ಮಾಡಲಿಲ್ಲ. ಅವನ ಉತ್ತರ ಸರಿಯಾಗಿದ್ದರೂ ಅವನಿಗೆ ಅದರಿಂದ ತಿಳಿದುದು ಏನೂ ಇಲ್ಲ. ಬೇರೊಬ್ಬರು ಬರೆದ ಕಿಟಕಿಯ ನಿಯಮಗಳನ್ನು ನೂರಾರು ಸಾಲು ತಂದು ತನ್ನ ಯಂತ್ರಕ್ಕೆ ಸುರಿಯುವವನೂ ಹಾಗೆಯೇ. ತಾನು ನೋಡಿದ ಮೂರು ಕಿಟಕಿಗಳಿಗೆ ಮೂರು ಸಾಲು ಬರೆದವನು ತನ್ನ ಯಂತ್ರವನ್ನು ಅಷ್ಟರ ಮಟ್ಟಿಗೆ ಬಲ್ಲನು. ಅದು ಕೆಟ್ಟಾಗ ಎಲ್ಲಿ ನೋಡಬೇಕೆಂಬುದನ್ನೂ ಬಲ್ಲನು. ವಿದ್ಯಾರ್ಥಿಮಿತ್ರರು ಈ ಮಾತನ್ನು ನಾವು ಹೇಳಿದೆವೆಂದು ಒಪ್ಪಬೇಕಾಗಿಲ್ಲ. ಇಂದೇ ಒಂದು ಕಿಟಕಿಯನ್ನು ತೆರೆದು ಅದರ ಹೆಸರೇನೆಂದು ಅದನ್ನೇ ಕೇಳಿ ನೋಡಲಿ.